ಸ್ಪೋರ್ಟ್ಸ್ ಕಾರ್ಡ್ ಕಲೆಕ್ಷನ್: ಯಾವುದರಲ್ಲಿ ಇಡೋದು, ಹೇಗೆ ಜೋಡಿಸೋದು

ಆಟಗಾರರ ಚಿತ್ರ ಅಚ್ಚಾಗಿರೋ ಸ್ಪೋರ್ಟ್ಸ್ ಕಾರ್ಡ್ ಹಾಳಾಗತ್ತೆ ಅಂದ್ರೆ ಎಲ್ರೂ ಮೊದ್ಲು ಯೋಚ್ನೆ ಮಾಡೋದು ನೀರು, ಬಿಸಿಲು, ಧೂಳಿನ ಬಗ್ಗೆ. ಅದೆಲ್ಲ ಇದ್ದಿದ್ದೇ, ಆದ್ರೆ ಮನೇಲಿ ಇಟ್ಟಿರೋ ಕಾರ್ಡ್‌ಗಳ ಮೂಲೆ ಸವೆಯೋದು, ಅಂಚು ಬೆಳ್ಳಗಾಗೋದು ನಮ್ಮ ಕೈಯಿಂದಾನೂ ಆಗತ್ತೆ, ಅದೂ ಹುಡುಕೋವಾಗ. ಯಾವುದೋ ಒಂದು ಕಾರ್ಡ್ ಬೇಕಾಗಿರತ್ತೆ, ಎಲ್ಲಿದೆ ಅಂತ ಗೊತ್ತಿರಲ್ಲ, ಡಬ್ಬಿ ಪೂರ್ತಿ ಹೊರಗೆ ತೆಗೀತೀವಿ, ಒಂದೊಂದೇ ಸರಿಸ್ತಾ ಹೋಗ್ತೀವಿ, ಬೇಕಾಗಿದ್ದು ಸಿಗೋ ಹೊತ್ತಿಗೆ ಬೇರೆ ನೂರಾರು ಕಾರ್ಡ್ ಮುಟ್ಟಿಬಿಟ್ಟಿರ್ತೀವಿ. ಅದಕ್ಕೇ ಜೋಡಿಸೋ ಕೆಲಸ ಬೇರೆ, ಕಾಪಾಡೋ ಕೆಲಸ ಬೇರೆ ಅಂತ ನಾನು ಅಂದ್ಕೊಳ್ಳಲ್ಲ. ಎಲ್ಲಿದೆ ಅಂತ ಗೊತ್ತಿರೋ ಕಾರ್ಡ್‌ನ ಸುಮ್ಸುಮ್ನೆ ಯಾರೂ ಮುಟ್ಟಲ್ಲ, ಮುಟ್ಟದೇ ಇರೋ ಕಾರ್ಡ್ ಚೆನ್ನಾಗಿರತ್ತೆ.

ಹಾಗಾಗಿ ಬೈಂಡರ್ ತಗೊಳ್ಳೋದಾ ಬಾಕ್ಸ್ ತಗೊಳ್ಳೋದಾ ಅಂತ ಶುರುಮಾಡೋಕೆ ಮುಂಚೆ ಇರೋದೆಲ್ಲಾ ಒಂದ್ಸಲ ಮೇಜಿನ ಮೇಲೆ ಹರಡ್ಕೊಳ್ಳಿ. ಮೇಜು ಒಣಗಿರಲಿ, ಸ್ವಚ್ಛ ಬಟ್ಟೆ ಹಾಸಿ, ಕೈ ತೊಳ್ಕೊಂಡು ಚೆನ್ನಾಗಿ ಒರೆಸ್ಕೊಳ್ಳಿ, ಕಾರ್ಡ್‌ನ ಅಂಚಲ್ಲಿ ಮಾತ್ರ ಹಿಡೀರಿ, ಮುಂಭಾಗದ ಮೇಲೆ ಬೆರಳು ಇಡ್ಬೇಡಿ, ಹೊಳಪಿನ ಕಾರ್ಡ್ ಮೇಲೆ ಬೆರಳಚ್ಚು ಬಿದ್ರೆ ಕಣ್ಣಿಗೆ ಹೊಡೆಯತ್ತೆ. ಆಮೇಲೆ ಪ್ರತಿ ಕಾರ್ಡ್ ಬಗ್ಗೆ ಒಂದೇ ಪ್ರಶ್ನೆ ಕೇಳ್ಕೊಳ್ಳಿ, ಇದನ್ನ ನಾನು ಏನು ಮಾಡ್ತೀನಿ? ಆಗಾಗ ತೆಗೆದು ನೋಡೋದು ಒಂದು ಗುಂಪು. ಸೆಟ್ (ಕಂಪನಿ ಒಂದೇ ಹೆಸರಲ್ಲಿ ನಂಬರ್ ಹಾಕಿ ಬಿಡೋ ಕಾರ್ಡ್‌ಗಳ ಸರಣಿ) ಪೂರ್ತಿ ಮಾಡ್ತಿರೋದು ಇನ್ನೊಂದು. ಬೆಲೆ ಬಾಳೋದು, ಅಥವಾ ಬೆಲೆ ಇಲ್ಲದಿದ್ರೂ ನನಗೆ ತುಂಬಾ ಬೇಕಾದ್ದು, ಅದು ಮೂರನೇದು. ಡಬಲ್ ಇರೋದು, ಮಾರೋದು, ಅದಲು ಬದಲು ಮಾಡೋದು ನಾಲ್ಕನೇದು. ಈ ನಾಲ್ಕಕ್ಕೂ ಒಂದೇ ಥರದ ರಕ್ಷಣೆ ಬೇಕಿಲ್ಲ. ಎಲ್ಲಾ ಕಾರ್ಡ್‌ಗೂ ಗಟ್ಟಿ ಹೋಲ್ಡರ್ ಹಾಕ್ತೀನಿ ಅಂತ ಹೊರಟ್ರೆ ಜಾಗಾನೂ ತುಂಬತ್ತೆ, ದುಡ್ಡೂ ಖರ್ಚಾಗತ್ತೆ, ಅರ್ಧಕ್ಕೇ ಸುಸ್ತಾಗಿ ಮಿಕ್ಕಿದ್ದು ಹಾಗೇ ಬಿದ್ದಿರತ್ತೆ.

ಈಗ ಯಾವ ಕ್ರಮದಲ್ಲಿ ಜೋಡಿಸೋದು ಅನ್ನೋದು, ತಲೆ ಉಪಯೋಗಿಸ್ಬೇಕಾಗಿರೋದು ಇಲ್ಲೇ. ಮೊದಲ ಸುತ್ತಲ್ಲಿ ಆಟದ ಪ್ರಕಾರ ಬೇರೆ ಮಾಡಿ, ಕ್ರಿಕೆಟ್ ಒಂದ್ಕಡೆ, ಫುಟ್ಬಾಲ್ ಒಂದ್ಕಡೆ, ಬೇಸ್‌ಬಾಲ್, ಬಾಸ್ಕೆಟ್‌ಬಾಲ್ ಹೀಗೆ. ಎರಡನೇ ಸುತ್ತಲ್ಲಿ ವರ್ಷ ಮತ್ತು ಸೆಟ್. ವರ್ಷ ಗೊತ್ತಾಗ್ಲಿಲ್ಲ ಅಂದ್ರೆ ಹಿಂಭಾಗದಲ್ಲಿ ಸಣ್ಣಕ್ಷರದಲ್ಲಿ ಕಾಪಿರೈಟ್ ವರ್ಷ ಇರತ್ತೆ ನೋಡಿ, ಅಂಕಿಅಂಶದ ಕೊನೇ ಸಾಲು ಯಾವ ಸೀಸನ್‌ದು ಅಂತಾನೂ ನೋಡಿ, ಸಾಮಾನ್ಯವಾಗಿ ಕಾರ್ಡ್ ಅದರ ಮುಂದಿನ ಸೀಸನ್‌ದಾಗಿರತ್ತೆ. ಮೂರನೇ ಸುತ್ತಲ್ಲಿ ಮಾತ್ರ ನಂಬರ್ ಪ್ರಕಾರ ಇಡೋದು. ಮೊದಲ ಸುತ್ತಲ್ಲೇ ನಂಬರ್ ಹಿಡ್ಕೊಂಡು ಕೂತ್ರೆ ಮುಗಿಯೋದೇ ಇಲ್ಲ, ಒಂದೊಂದು ಕಾರ್ಡ್‌ನ ಮೂರ್ ಮೂರ್ ಸಲ ಎತ್ತಿ ಇಡ್ಬೇಕಾಗತ್ತೆ.

ಎಲ್ರಿಗೂ ನಂಬರ್ ಕ್ರಮಾನೇ ಸರಿ ಅಂತಲ್ಲ. ನೀವು ಸೆಟ್ ಪೂರ್ತಿ ಮಾಡೋರಾದ್ರೆ ಅದೇ ಸರಿ, ಯಾಕಂದ್ರೆ ಯಾವುದು ಇಲ್ಲ ಅನ್ನೋದು ತಾನಾಗೇ ಕಾಣತ್ತೆ. ಒಬ್ಬ ಆಟಗಾರನ ಕಾರ್ಡ್ ಮಾತ್ರ ಕೂಡಿಡೋರಾದ್ರೆ ಆಟಗಾರ, ಅದರೊಳಗೆ ವರ್ಷ, ಅದರೊಳಗೆ ಬೇಸ್ ಕಾರ್ಡ್ (ಸೆಟ್‌ನ ಮಾಮೂಲಿ ಕಾರ್ಡ್), ಆಮೇಲೆ ಅದರ ಪ್ಯಾರಲಲ್‌ಗಳು (ಅದೇ ಕಾರ್ಡ್ ಬೇರೆ ಬಣ್ಣ, ಬೇರೆ ಹೊಳಪಲ್ಲಿ ಬರೋದು), ಈ ಕ್ರಮ. ಟೀಮ್ ಅಭಿಮಾನಿ ಆದ್ರೆ ಟೀಮ್, ವರ್ಷ, ಆಟಗಾರನ ಹೆಸರು. ಟೀಮ್ ಪ್ರಕಾರ ಇಡೋದ್ರಲ್ಲಿ ಒಂದು ತೊಡಕಿದೆ, ಆಟಗಾರ ಟೀಮ್ ಬದಲಾಯಿಸಿರ್ತಾನೆ, ಆಗ ಕಾರ್ಡ್ ಮೇಲೆ ಯಾವ ಜರ್ಸಿ ಇದೆಯೋ ಆ ಟೀಮ್‌ಗೇ ಸೇರ್ಸೋದು ಅಂತ ಒಂದು ನಿಯಮ ಮಾಡ್ಕೊಂಡು ಅದನ್ನ ಮುರೀಬೇಡಿ. ನಿಮ್ಮ ಬಾಯಲ್ಲಿ ಮೊದಲು ಬರೋದೇನು ಅಂತ ಗಮನಿಸಿ, ಕಾರ್ಡ್ ಹುಡುಕೋವಾಗ "ಆ 96ರ ಸೆಟ್ಟಿಂದು" ಅಂತೀರಾ ಅಥವಾ "ಸಚಿನ್ ಕಾರ್ಡ್" ಅಂತೀರಾ, ಏನಂತೀರೋ ಅದೇ ನಿಮ್ಮ ಮೊದಲ ವಿಂಗಡಣೆ ಆಗ್ಬೇಕು.

ಒಂದು ಉದಾಹರಣೆ ತಗೊಳ್ಳೋಣ, ಫ್ಲೀರ್ ಕಂಪನಿಯ 1986-87ರ ಬಾಸ್ಕೆಟ್‌ಬಾಲ್ ಸೆಟ್, ಮೈಕಲ್ ಜೋರ್ಡನ್‌ನ ಹೆಸರಾಂತ ರೂಕಿ ಕಾರ್ಡ್ (ಆಟಗಾರನ ಶುರುವಿನ ದಿನಗಳ ಕಾರ್ಡ್) ಇರೋದು. ಅದರಲ್ಲಿ 132 ಕಾರ್ಡ್. ಒಂದು ಪುಟಕ್ಕೆ 9 ಪಾಕೆಟ್ ಇರೋ ಬೈಂಡರ್ ಶೀಟ್‌ನಲ್ಲಿ ಒಂದು ಪಾಕೆಟ್‌ಗೆ ಒಂದೇ ಕಾರ್ಡ್ ಹಾಕಿದ್ರೆ 15 ಶೀಟ್ ಬೇಕು, ಬೆನ್ನಿಗೆ ಬೆನ್ನು ಎರಡೆರಡು ಹಾಕಿದ್ರೆ 8 ಶೀಟ್ ಸಾಕು. ಜೋರ್ಡನ್ ನಂಬರ್ 57, ಅಂದ್ರೆ ಒಂದೊಂದೇ ಹಾಕಿದಾಗ ಏಳನೇ ಶೀಟ್‌ನ ಮೂರನೇ ಪಾಕೆಟ್. ಈ ಸೆಟ್‌ನಲ್ಲಿ ಆಟಗಾರರು ಸರ್‌ನೇಮ್‌ನ ಅಕ್ಷರ ಕ್ರಮದಲ್ಲೇ ಇರೋದ್ರಿಂದ ನಂಬರ್ ಪ್ರಕಾರ ಇಟ್ರೆ ಹೆಸರಿನ ಪ್ರಕಾರಾನೂ ಇಟ್ಟಂಗಾಗತ್ತೆ, ಎಲ್ಲಾ ಸೆಟ್‌ನಲ್ಲೂ ಈ ಅನುಕೂಲ ಇರಲ್ಲ. ಆದ್ರೆ ಅಂಥ ಬೆಲೆಬಾಳೋ ಕಾರ್ಡ್‌ನ ಬೈಂಡರ್‌ನಲ್ಲಿ ಇಡೋ ಧೈರ್ಯ ಯಾರಿಗಿರತ್ತೆ ಹೇಳಿ, ಅದು ಗಟ್ಟಿ ಹೋಲ್ಡರ್‌ನಲ್ಲಿ ಬೇರೆ ಕಡೆ ಇರತ್ತೆ. ಆಗ ಮೂರನೇ ಪಾಕೆಟ್ ಖಾಲಿ ಬಿಡ್ಬೇಡಿ, ಕಾರ್ಡ್ ಅಳತೆಗೆ ಆಸಿಡ್ ಇಲ್ಲದ ಕಾಗದ ಕತ್ತರಿಸಿ "57, ಗಟ್ಟಿ ಹೋಲ್ಡರ್ ಬಾಕ್ಸ್‌ನಲ್ಲಿದೆ" ಅಂತ ಪೆನ್ಸಿಲ್‌ನಲ್ಲಿ ಬರೆದು ಹಾಕಿ. ಖಾಲಿ ಪಾಕೆಟ್ ಅಂದ್ರೆ ಕಾರ್ಡ್ ನಮ್ಮತ್ರ ಇಲ್ಲ, ಚೀಟಿ ಇದ್ರೆ ಕಾರ್ಡ್ ಬೇರೆ ಕಡೆ ಇದೆ, ಈ ಒಂದು ಅಭ್ಯಾಸದಿಂದ ಎಷ್ಟೊಂದು ಹುಡುಕಾಟ ತಪ್ಪತ್ತೆ.

ಇನ್ನು ಕಾರ್ಡ್‌ಗೆ ತೊಡಿಸೋ ಪ್ಲಾಸ್ಟಿಕ್ ವಿಷ್ಯ. ಈಗಿನ ಸ್ಟ್ಯಾಂಡರ್ಡ್ ಕಾರ್ಡ್ ಅಳತೆ 2.5 ಇಂಚು ಅಗಲ, 3.5 ಇಂಚು ಉದ್ದ. ಅತಿ ಕಡಿಮೆ ಖರ್ಚಿನ ರಕ್ಷಣೆ ಅಂದ್ರೆ ಪೆನ್ನಿ ಸ್ಲೀವ್, ತೆಳ್ಳಗಿನ ಮೆತ್ತನೆ ಕವರ್. ಇದು ಗೀರು, ಬೆರಳಚ್ಚು ತಡೆಯತ್ತೆ, ಬಾಗೋದನ್ನ ತಡೆಯಲ್ಲ. ಸ್ವಲ್ಪನಾದ್ರೂ ಮುಖ್ಯ ಅನ್ಸೋ ಕಾರ್ಡ್‌ಗೆ ಸ್ಲೀವ್ ಹಾಕಿಬಿಡಿ. ಹಾಕೋವಾಗ ಮೂಲೆ ತಾಗೋದೇ ಜಾಸ್ತಿ, ಅದಕ್ಕೆ ಸ್ಲೀವ್‌ನ ಎರಡೂ ಬದಿ ಮೆಲ್ಲಗೆ ಒತ್ತಿ ಬಾಯಿ ಅಗಲ ಮಾಡ್ಕೊಂಡು ಕಾರ್ಡ್‌ನ ಒಂದು ಮೂಲೆ ಮೊದ್ಲು ಒಳಗೆ ಬಿಟ್ಟು ಆಮೇಲೆ ಇನ್ನೊಂದು ಮೂಲೆ ಬಿಡಿ, ತಳ್ಳಬೇಡಿ, ಜಾರೋಕೆ ಬಿಡಿ. ಕೆಲವರು ಸ್ಲೀವ್ ಬಾಯಿಯ ಒಂದು ಮೂಲೆಗೆ ಕತ್ತರೀಲಿ ಚೂರು ಓರೆಯಾಗಿ ಕತ್ತರಿಸ್ಕೋತಾರೆ, ಕೆಲಸ ಸುಲಭ ಆಗತ್ತೆ, ಆದ್ರೆ ಕತ್ತರಿಸೋದು ಕಾರ್ಡ್ ಹಾಕೋಕೆ ಮುಂಚೆ.

ಇದರ ಮೇಲಿನ ಹಂತ ಟಾಪ್‌ಲೋಡರ್, ಗಟ್ಟಿ ಪ್ಲಾಸ್ಟಿಕ್ ಜೇಬು ಥರ, ಸಾಮಾನ್ಯವಾಗಿ 3 ಇಂಚು x 4 ಇಂಚು. ಬರೀ ಕಾರ್ಡ್‌ನ ಟಾಪ್‌ಲೋಡರ್‌ಗೆ ಹಾಕ್ಲೇಬೇಡಿ, ಒಳಗೆ ಅಲ್ಲಾಡಿ ಅಂಚು ಉಜ್ಜತ್ತೆ, ಮೊದ್ಲು ಸ್ಲೀವ್, ಆಮೇಲೆ ಟಾಪ್‌ಲೋಡರ್. ಹೊಸ ಪ್ಯಾಕ್‌ನ ಟಾಪ್‌ಲೋಡರ್‌ನಲ್ಲಿ ಪ್ಲಾಸ್ಟಿಕ್ ಪುಡಿ ಇರಬಹುದು, ಬೆಳಕಿಗೆ ಹಿಡಿದು ನೋಡಿ ತಟ್ಟಿ ತೆಗೀರಿ. ಬಾಯಿ ಮುಚ್ಚೋಕೆ ಸೆಲ್ಲೋಟೇಪ್ ಬೇಡ, ಅದರ ಅಂಟು ವರ್ಷ ಕಳೆದಂಗೆ ಹಳದಿಯಾಗಿ ಒಸರತ್ತೆ, ಪೇಂಟರ್ ಟೇಪ್ (ಅಂಟು ಉಳಿಸದೇ ಸುಲಭವಾಗಿ ಬಿಟ್ಟುಬರೋ ಟೇಪ್) ಹಾಕಿ, ತುದಿ ಮಡಚಿ ಎಳೆಯೋಕೆ ಹಿಡಿ ಬಿಡಿ. ಅಥವಾ ಟಾಪ್‌ಲೋಡರ್ ಸಮೇತ ಟೀಮ್ ಬ್ಯಾಗ್ ಅನ್ನೋ ತೆಳು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮುಚ್ಚಿ, ಧೂಳೂ ಒಳಗೆ ಹೋಗಲ್ಲ. ಬ್ಯಾಗ್ ಮುಚ್ಚಳದ ಅಂಟಿನ ಪಟ್ಟಿ ಕಾರ್ಡ್‌ಗೆ ತಾಗದಂಗೆ ಹಿಂದಕ್ಕೆ ಮಡಚಿ ಹಿಡ್ಕೊಂಡೇ ಹೊರಗೆ ತೆಗೀಬೇಕು, ಅದೊಂದು ನೆನಪಿರಲಿ.

ದಪ್ಪದ ಲೆಕ್ಕ ಹೊಸಬರಿಗೆ ಗೊಂದಲ ಮಾಡತ್ತೆ. ಟಾಪ್‌ಲೋಡರ್ ಮೇಲೆ 35 ಪಾಯಿಂಟ್, 75 ಪಾಯಿಂಟ್, 130 ಪಾಯಿಂಟ್ ಅಂತ ಬರೆದಿರತ್ತೆ, ಒಂದು ಪಾಯಿಂಟ್ ಅಂದ್ರೆ ಇಂಚಿನ ಸಾವಿರದಲ್ಲಿ ಒಂದು ಭಾಗ. ಮಾಮೂಲಿ ಬೇಸ್ ಕಾರ್ಡ್ 35ರಲ್ಲಿ ಆರಾಮಾಗಿ ಕೂರತ್ತೆ. ಜರ್ಸಿ ಬಟ್ಟೆ ತುಂಡು ಸೇರ್ಸಿರೋ ದಪ್ಪ ಕಾರ್ಡ್‌ಗೆ 130 ಅಥವಾ 180 ಬೇಕಾಗಬಹುದು, 130 ಅಂದ್ರೆ ಸುಮಾರು 3.3 ಮಿಲಿಮೀಟರ್. ಬಿಗಿಯಾಗಿರೋದಕ್ಕೆ ತುರುಕಿದ್ರೆ ಅಂಚು ಹೋಗತ್ತೆ, ತೀರಾ ಸಡಿಲ ಆದ್ರೆ ಒಳಗೆ ಓಡಾಡತ್ತೆ, ಎರಡರ ನಡುವೆ ಸಂದೇಹ ಬಂದ್ರೆ ದೊಡ್ಡದನ್ನೇ ತಗೊಳ್ಳಿ. ಮ್ಯಾಗ್ನೆಟ್‌ನಿಂದ ಮುಚ್ಚೋ ಹೋಲ್ಡರ್ ನೋಡೋಕೆ ಚೆಂದ, ಶೆಲ್ಫ್‌ನಲ್ಲಿ ಇಡೋಕೆ ಅದೇ ಸರಿ, ಅದರಲ್ಲಿ ಮಾತ್ರ ದಪ್ಪ ಕರೆಕ್ಟಾಗಿ ಹೊಂದಲೇಬೇಕು. ಹಳೇ ಕಾಲದ ಸ್ಕ್ರೂ ಹೋಲ್ಡರ್ ಯಾರಾದ್ರೂ ಕೊಟ್ರೆ ಉಪಯೋಗಿಸ್ಬೇಡಿ, ಸ್ಕ್ರೂ ಬಿಗಿ ಮಾಡಿದ ಹಾಗೆ ಕಾರ್ಡ್ ಚಪ್ಪಟೆಯಾಗಿ ಒತ್ತಿಹೋಗತ್ತೆ, ಮೇಲ್ಮೈ ಪ್ಲಾಸ್ಟಿಕ್‌ಗೆ ಅಂಟ್ಕೊಳ್ಳೋದೂ ಉಂಟು. ಗ್ರೇಡಿಂಗ್‌ಗೆ (ಕಾರ್ಡ್ ಅಸಲಿಯಾ, ಸ್ಥಿತಿ ಹೇಗಿದೆ ಅಂತ ನೋಡಿ ಕಂಪನಿ ಅಂಕ ಕೊಡೋದು) ಕಳಿಸ್ಬೇಕು ಅಂತ ಎತ್ತಿಟ್ಟಿರೋದನ್ನ ಸ್ಲೀವ್ ಹಾಕಿ ಸೆಮಿ ರಿಜಿಡ್ ಅಂದ್ರೆ ಅರೆಗಟ್ಟಿ ಹೋಲ್ಡರ್‌ನಲ್ಲಿ ಇಡಿ, ಪಿಎಸ್‌ಎ ಥರದ ಗ್ರೇಡಿಂಗ್ ಕಂಪನಿಗಳು ಅದನ್ನೇ ಇಷ್ಟಪಡ್ತವೆ, ತೆಗೆಯೋದೂ ಸುಲಭ.

ಪ್ಲಾಸ್ಟಿಕ್ ಯಾವುದು ಅನ್ನೋದನ್ನ ದಯವಿಟ್ಟು ಓದಿ ತಗೊಳ್ಳಿ. ಪಾಲಿಪ್ರೊಪಿಲೀನ್, ಪಾಲಿಎಥಿಲೀನ್, ಪಾಲಿಯೆಸ್ಟರ್ ಈ ಮೂರೂ ಕಾರ್ಡ್ ಪಕ್ಕ ವರ್ಷಗಟ್ಲೆ ಇದ್ರೂ ತೊಂದ್ರೆ ಕೊಡಲ್ಲ. ಮೆತ್ತನೆ ಪಿವಿಸಿ ಹಾಳೆ ಮಾತ್ರ ಬೇಡ್ವೇ ಬೇಡ. ಪಿವಿಸಿನ ಮೆತ್ತಗೆ ಮಾಡೋಕೆ ಪ್ಲಾಸ್ಟಿಸೈಜರ್ ಸೇರ್ಸಿರ್ತಾರೆ, ಅದು ನಿಧಾನಕ್ಕೆ ಹೊರಗೆ ಬಂದು ಜಿಡ್ಡಾಗತ್ತೆ, ಕಾರ್ಡ್‌ನ ಇಂಕಿಗೆ ಅಂಟ್ಕೊಳ್ಳತ್ತೆ. ಹಳೇ ಆಲ್ಬಮ್ ತೆಗೆದಾಗ ಘಾಟು ಪ್ಲಾಸ್ಟಿಕ್ ವಾಸನೆ ಬಂದ್ರೆ, ಹಾಳೆ ಅಂಟಂಟಾಗಿದ್ರೆ, ಬಹುಶಃ ಅದೇ, ಕಾರ್ಡ್‌ಗಳನ್ನ ಬೇಗ ಹೊರಗೆ ತೆಗೀರಿ. ಗಟ್ಟಿ ಟಾಪ್‌ಲೋಡರ್‌ಗಳೂ ಎಷ್ಟೋ ಪಿವಿಸಿಯಿಂದಾನೇ ಮಾಡಿರೋದು, ಆದ್ರೆ ಒಳ್ಳೇ ಕಂಪನಿಯ ಗಟ್ಟಿ ಪಿವಿಸಿಲಿ ಪ್ಲಾಸ್ಟಿಸೈಜರ್ ಇರಲ್ಲ, ಒಳಗೆ ಸ್ಲೀವ್ ಬೇರೆ ಇರತ್ತೆ, ಅದರ ಬಗ್ಗೆ ಹೆದರ್ಬೇಕಿಲ್ಲ.

ಬೈಂಡರ್ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿ ಇದೆ, ತೆಗೆದು ನೋಡಿ ಖುಷಿ ಪಡೋ ಕಾರ್ಡ್‌ಗೆ ಬೈಂಡರ್‌ನಷ್ಟು ಒಳ್ಳೇದು ಇನ್ನೊಂದಿಲ್ಲ. ಕಾರ್ಡ್ ಮುಟ್ಟದೇ ಪುಟ ತಿರುಗಿಸಿ ಎರಡೂ ಬದಿ ನೋಡಬಹುದು, ಅದಕ್ಕೇ ಬೆನ್ನಿಗೆ ಬೆನ್ನು ಹಾಕೋಕಿಂತ ಒಂದೊಂದೇ ಹಾಕೋದು ನನಗಿಷ್ಟ, ಹಿಂದಿನ ಅಂಕಿಅಂಶ ಓದೋಕೆ ಸಿಗತ್ತೆ. ರಿಂಗ್ ಇರೋದು ತಗೊಳ್ಳೋದಾದ್ರೆ ಡಿ ಆಕಾರದ ರಿಂಗ್ ನೋಡಿ ತಗೊಳ್ಳಿ. ಗುಂಡು ರಿಂಗ್‌ನಲ್ಲಿ ಒಳಬದಿಯ ಪುಟಗಳು ಬಾಗಿ ರಿಂಗಿಗೆ ಒತ್ಕೊಂಡು ಮೊದಲ ಸಾಲಿನ ಕಾರ್ಡ್‌ಗೆ ಗುರುತು ಬೀಳತ್ತೆ. ರಿಂಗೇ ಇಲ್ಲದ, ಪುಟಗಳು ಹೊಲಿಗೆ ಹಾಕಿ ಸೇರ್ಸಿರೋ, ಪಕ್ಕದಿಂದ ಕಾರ್ಡ್ ಹಾಕೋ ಬೈಂಡರ್ ಇನ್ನೂ ಕ್ಷೇಮ, ತಲೆಕೆಳಗಾದ್ರೂ ಕಾರ್ಡ್ ಜಾರಲ್ಲ, ಆದ್ರೆ ಪುಟ ಸೇರ್ಸೋಕೆ ಬರಲ್ಲ. ಬೆಳೀತಾ ಇರೋ ಕಲೆಕ್ಷನ್‌ಗೆ ರಿಂಗ್, ಮುಗಿದಿರೋ ಸೆಟ್‌ಗೆ ಹೊಲಿಗೆ ಬೈಂಡರ್ ಅಂತ ಇಟ್ಕೊಳ್ಳಿ. ತುಂಬಿ ಉಬ್ಬೋವಷ್ಟು ಹಾಕ್ಬೇಡಿ, ನೆಟ್ಟಗೆ ನಿಲ್ಸಿ ಇಡಿ, ಒಂದರ ಮೇಲೊಂದು ಮಲಗಿಸಿ ಪೇರಿಸಿದ್ರೆ ಕೆಳಗಿನದಕ್ಕೆ ಎಲ್ಲಾ ಭಾರ ಬೀಳತ್ತೆ.

ಲೆಕ್ಕ ಸಾವಿರ ದಾಟಿತು ಅಂದ್ರೆ ಬಾಕ್ಸೇ ಗತಿ. ಕಾರ್ಡ್‌ಗೆ ಅಂತಲೇ ಮಾಡಿರೋ ರಟ್ಟಿನ ಬಾಕ್ಸ್ 800 ಕಾರ್ಡ್‌ನ ಒಂದು ಸಾಲಿಂದ ಹಿಡಿದು 3200, 5000ದ ಹಲವು ಸಾಲಿನ ದೊಡ್ಡ ಬಾಕ್ಸ್‌ವರೆಗೂ ಸಿಗತ್ತೆ. ಆ ಲೆಕ್ಕ ಬರೀ ಕಾರ್ಡ್‌ದು, ಸ್ಲೀವ್ ಹಾಕಿದ್ರೆ ಕಡಿಮೆ ಹಿಡಿಯತ್ತೆ, ಟಾಪ್‌ಲೋಡರ್ ಅಂತೂ ಅಗಲದ ಸಾಲಿರೋ ಬೇರೆ ಬಾಕ್ಸೇ ಬೇಕು. ಕೇಳೋಕೆ 5000 ಚೆನ್ನಾಗಿದ್ರೂ ತುಂಬಿದ್ಮೇಲೆ ಎತ್ತೋಕಾಗಲ್ಲ, ಎತ್ತಿದ್ರೂ ತಳ ಬಿಟ್ಟುಬರೋ ಭಯ, ಅದಕ್ಕೆ ನಾನು 800ರ ಬಾಕ್ಸ್‌ಗಳನ್ನೇ ಹೇಳ್ತೀನಿ, ಒಂದು ಸೆಟ್‌ಗೆ ಒಂದು ಬಾಕ್ಸ್, ಮೇಲೆ ಲೇಬಲ್. 1989ರ ಅಪ್ಪರ್ ಡೆಕ್ ಬೇಸ್‌ಬಾಲ್ ಸೆಟ್ ಪೂರ್ತಿ 800 ಕಾರ್ಡ್, ಸ್ಲೀವ್ ಇಲ್ಲದೇ ಇದ್ರೆ ಒಂದೇ ಬಾಕ್ಸ್‌ಗೆ ಮುಗೀತು. ಸಾಲು ಅರ್ಧ ಖಾಲಿ ಇದ್ರೆ ಕಾರ್ಡ್‌ಗಳು ವಾಲಿ ನಿಂತು ಹಾಗೇ ಬಾಗಿಹೋಗ್ತವೆ, ಖಾಲಿ ಜಾಗಕ್ಕೆ ಫೋಮ್ ತುಂಡು ಇಡಿ. ಉಲ್ಟಾ ಕೂಡ ಅಷ್ಟೇ, ಎರಡು ಬೆರಳು ಸಲೀಸಾಗಿ ಹೋಗದಷ್ಟು ಬಿಗಿ ತುಂಬಿದ್ರೆ ಒಂದು ಕಾರ್ಡ್ ಎಳೆಯೋಕೆ ಹೋಗಿ ಪಕ್ಕದ್ದರ ಅಂಚು ಕೀಳತ್ತೆ. ನಡುವೆ ಡಿವೈಡರ್ ಹಾಕಿ, ಕಾರ್ಡ್‌ಗಿಂತ ಸ್ವಲ್ಪ ಎತ್ತರ ಇರ್ಲಿ, ಹೆಸರು ಮೇಲೆ ಕಾಣ್ಲಿ. ರಬ್ಬರ್ ಬ್ಯಾಂಡ್ ಎಲ್ಲೂ ಬೇಡ, ಅಂಚಲ್ಲಿ ಕಚ್ಚು ಬೀಳ್ಸತ್ತೆ, ಹಳೇದಾದ್ರೆ ಕರಗಿ ಅಂಟ್ಕೊಳ್ಳತ್ತೆ.

ಅಳತೆ ಬೇರೆ ಇರೋ ಹಳೇ ಕಾರ್ಡ್ ಇದ್ರೆ ಕೊಳ್ಳೋಕೆ ಮುಂಚೆ ಸ್ಕೇಲ್ ಇಟ್ಟು ನೋಡಿ. ಟಾಪ್ಸ್ ಕಂಪನಿ 1952ರಿಂದ 1956ರವರೆಗೆ 2⅝ x 3¾ ಇಂಚಿನ ದೊಡ್ಡ ಕಾರ್ಡ್ ಮಾಡ್ತಿತ್ತು, 1957ರಲ್ಲಿ ಈಗಿನ ಅಳತೆಗೆ ಬಂತು, ಆ ದೊಡ್ಡವು 9 ಪಾಕೆಟ್ ಶೀಟ್‌ಗೆ ಹೋಗಲ್ಲ, 8 ಪಾಕೆಟ್‌ದು ಬೇಕು. 1909ರಿಂದ 1911ರ ಟಿ206 ಥರದ ಸಿಗರೇಟ್ ಪ್ಯಾಕ್ ಕಾರ್ಡ್‌ಗಳು ತೀರಾ ಪುಟ್ಟವು, ಅವಕ್ಕೇ ಅಂತ ಸಣ್ಣ ಸ್ಲೀವ್ ಸಿಗತ್ತೆ. ಗ್ರೇಡ್ ಆಗಿ ಬಂದಿರೋ ಸ್ಲ್ಯಾಬ್‌ಗಳಿಗೆ (ಗ್ರೇಡಿಂಗ್ ಕಂಪನಿ ಕಾರ್ಡ್ ಒಳಗಿಟ್ಟು ಸೀಲ್ ಮಾಡಿರೋ ಗಟ್ಟಿ ಪ್ಲಾಸ್ಟಿಕ್ ಕೇಸ್) ಮೇಲೊಂದು ಸ್ಲ್ಯಾಬ್ ಸ್ಲೀವ್ ಹಾಕಿ, ಗೀರು ಬೀಳಲ್ಲ, ಸ್ಲ್ಯಾಬ್ ಬಾಕ್ಸ್‌ನಲ್ಲಿ ಲೇಬಲ್ ಮೇಲೆ ಕಾಣೋ ಹಾಗೆ ನಿಲ್ಸಿ.

ಜಾಗದ ವಿಷ್ಯಕ್ಕೆ ಬಂದ್ರೆ, ಮನುಷ್ಯರಿಗೆ ಆರಾಮ ಅನ್ಸೋ ರೂಮೇ ಕಾರ್ಡ್‌ಗೂ ಆರಾಮ. ಅಟ್ಟ ಬೇಡ, ನೆಲಮಾಳಿಗೆ ಬೇಡ, ಬಾತ್‌ರೂಮ್ ಗೋಡೆ ಆಚೆಗಿರೋ ಕಪಾಟು ಬೇಡ, ಹೊರಗೋಡೆಗೆ ಅಂಟಿಸಿ ಇಡೋದೂ ಬೇಡ. ನೆಲದಿಂದ ಸ್ವಲ್ಪ ಎತ್ತರದಲ್ಲಿರ್ಲಿ, ಪೈಪ್ ಒಡೆದು ನೀರು ಬಂದ್ರೂ ಕೆಳಗಿನ ಬಾಕ್ಸ್ ನೆನೆಯಲ್ಲ. ತೇವಾಂಶ 40ರಿಂದ 50 ಪರ್ಸೆಂಟ್ ಒಳ್ಳೇದು, ಒಂದು ಸಣ್ಣ ಡಿಜಿಟಲ್ ಹೈಗ್ರೋಮೀಟರ್ ಕಪಾಟಲ್ಲಿ ಇಟ್ರೆ ಗೊತ್ತಾಗತ್ತೆ. ಕರೆಕ್ಟ್ ನಂಬರ್ ಹಿಡಿಯೋಕಾಗದಿದ್ರೆ ಪರವಾಗಿಲ್ಲ, ದಿನಾ ಏರಿಳಿಯೋದೇ ಜಾಸ್ತಿ ಕೆಟ್ಟದ್ದು. ಕ್ರೋಮ್, ಫಾಯಿಲ್ ಥರದ ಲೋಹದ ಹೊಳಪಿನ ಕಾರ್ಡ್ ಬಿಲ್ಲಿನ ಹಾಗೆ ಬಾಗೋದೂ ಇದರಿಂದಾನೇ, ಒಳಗಿನ ಕಾಗದದ ಪದರ ತೇವ ಹೀರಿ ಹಿಗ್ಗತ್ತೆ, ಮೇಲಿನ ಫಾಯಿಲ್ ಹಿಗ್ಗಲ್ಲ. ತೀರಾ ಒಣಗಿದ್ರೆ ಉಲ್ಟಾ ಬಾಗತ್ತೆ, ಹಾಗಾಗಿ ಸಿಲಿಕಾ ಜೆಲ್ ಪೊಟ್ಟಣ ಹಿಡಿ ಹಿಡಿ ತುಂಬಬೇಡಿ, ಒಂದೆರಡು ಹಾಕಿ ಮೀಟರ್ ನೋಡ್ತಾ ಇರಿ. 90ರ ದಶಕದ ಹೊಳಪು ಕೋಟಿಂಗ್ ಕಾರ್ಡ್‌ಗಳು ಸೆಕೆಗೆ ಒಂದಕ್ಕೊಂದು ಅಂಟ್ಕೊಂಡು ಗಟ್ಟಿ ಮುದ್ದೆ ಆಗಿರ್ತವೆ, ಉಗುರು ಹಾಕಿ ಕೀಳೋಕೆ ಹೋಗ್ಬೇಡಿ, ಚಿತ್ರಾನೇ ಕಿತ್ತು ಬರತ್ತೆ, ಇನ್ನೂ ಅಂಟದೇ ಇರೋವನ್ನ ಮೊದ್ಲು ಸ್ಲೀವ್‌ಗೆ ಹಾಕಿ ಉಳಿಸ್ಕೊಳ್ಳಿ. ಬೆಂಕಿ ತಡೆಯೋ ಸೇಫ್‌ನಲ್ಲಿ ಇಡೋರು ಒಂದು ತಿಳ್ಕೊಂಡಿರಿ, ಬಾಗಿಲು ಬಿಗಿಯಾಗಿರೋದ್ರಿಂದ ಒಳಗಿನ ತೇವ ಹೊರಗೆ ಹೋಗಲ್ಲ, ಅಲ್ಲಿ ಸಿಲಿಕಾ ಜೆಲ್ಲೂ ಮೀಟರ್ರೂ ಬೇಕೇ ಬೇಕು.

ಬೆಳಕು, ಮುಖ್ಯವಾಗಿ ಸಹಿ ಇರೋ ಕಾರ್ಡ್‌ಗೆ. ಪೆನ್ನಿನ ಇಂಕು ಪ್ರಿಂಟ್‌ಗಿಂತ ಬೇಗ ಮಾಸಬಹುದು. ಯುವಿ ತಡೆಯೋ ಹೋಲ್ಡರ್ ಅಂತ ಬರೆದಿದ್ರೂ ಕಿಟಕಿ ಎದುರು ಇಡ್ಬೇಡಿ, ಅದು ಯುವಿ ಕಡಿಮೆ ಮಾಡತ್ತೆ, ಪೂರ್ತಿ ನಿಲ್ಸಲ್ಲ. ಶೆಲ್ಫ್‌ನಲ್ಲಿ ತೋರಿಸೋ ಕಾರ್ಡ್‌ಗಳನ್ನ ಆಗಾಗ ಬದಲಾಯಿಸ್ತಾ ಇರಿ.

ಕೊನೇದು ಪಟ್ಟಿ, ಇಷ್ಟೊತ್ತು ಜೋಡಿಸಿದ್ದು ನಿಲ್ಲೋದು ಇದರಿಂದಾನೇ. ಒಂದು ಸ್ಪ್ರೆಡ್‌ಶೀಟ್ ಸಾಕು. ಆಟ, ವರ್ಷ, ಸೆಟ್, ಕಾರ್ಡ್ ನಂಬರ್, ಆಟಗಾರ, ಪ್ಯಾರಲಲ್ ಇದ್ರೆ ಯಾವುದು, ಸೀರಿಯಲ್ ನಂಬರ್ (ಇಷ್ಟರಲ್ಲಿ ಇಷ್ಟನೇದು ಅಂತ ಕಾರ್ಡ್ ಮೇಲೆ ಅಚ್ಚಾಗಿರೋದು) ಇದ್ರೆ ಎಷ್ಟು, ಸ್ಥಿತಿ, ಕೊಟ್ಟ ಬೆಲೆ, ಆಮೇಲೆ ಎಲ್ಲಕ್ಕಿಂತ ಮುಖ್ಯವಾದ ಕಾಲಮ್, ಎಲ್ಲಿದೆ. ಬಾಕ್ಸ್‌ಗೆ ಎ, ಬಿ, ಸಿ ಅಂತ ಹೆಸರಿಡಿ, ಬೈಂಡರ್‌ಗೆ 1, 2, 3, "ಸಿ ಬಾಕ್ಸ್, ಎರಡನೇ ಡಿವೈಡರ್" ಅಂತ ಬರೆದ್ರೆ ಕಾರ್ಡ್ ಮುಟ್ಟದೇ ಉತ್ತರ ಸಿಗತ್ತೆ. ಬೇಸ್ ಕಾರ್ಡ್ ಒಂದೊಂದೇ ಟೈಪ್ ಮಾಡೋ ಕಷ್ಟ ಬೇಡ, ಸೆಟ್ ಹೆಸರು ಹಾಕಿ ಇಲ್ಲದಿರೋ ನಂಬರ್ ಮಾತ್ರ ಬರೀರಿ. ಬೆಲೆ ಬಾಳೋದ್ರ ಎರಡೂ ಬದಿ ಫೋಟೋ ತೆಗೀರಿ, ಸ್ಲ್ಯಾಬ್ ಆದ್ರೆ ಸರ್ಟಿಫಿಕೇಟ್ ನಂಬರ್ ಕಾಣ್ಬೇಕು, ಫೈಲ್‌ನ ಒಂದು ಕಾಪಿ ಮನೆ ಆಚೆ ಎಲ್ಲಾದ್ರೂ ಇರ್ಲಿ. ಮನೆ ಇನ್ಶೂರೆನ್ಸ್‌ನಲ್ಲಿ ಕಲೆಕ್ಷನ್ ಸೇರತ್ತಾ ಅಂತ ಬರವಣಿಗೆಯಲ್ಲಿ ಕೇಳಿ, ಎಷ್ಟೋ ಸಲ ಸೇರಲ್ಲ ಅಥವಾ ಒಂದು ಮಿತಿವರೆಗೆ ಮಾತ್ರ ಸೇರತ್ತೆ.

ಹೊಸದಾಗಿ ಬರೋ ಕಾರ್ಡ್‌ಗೆ "ಬಂದಿದ್ದು" ಅಂತ ಒಂದು ಸಣ್ಣ ಬಾಕ್ಸ್ ಇಟ್ಬಿಡಿ. ಪ್ಯಾಕ್ ಒಡೆದ ದಿನ ಚೆನ್ನಾಗಿರೋದಕ್ಕೆ ಸ್ಲೀವ್ ಹಾಕಿ ಅದರೊಳಗೆ ನಿಲ್ಸಿ, ಅಷ್ಟೇ, ಆ ಬಾಕ್ಸ್ ತುಂಬಿದಾಗ ಒಂದೇ ಸಲ ಕೂತು ಪಟ್ಟಿಗೆ ಸೇರ್ಸಿ ಅದರದರ ಜಾಗಕ್ಕೆ ಕಳಿಸಿ. ಆಗಲೇ ಮೀಟರ್ ನೋಡಿ, ಒಂದೆರಡು ಬಾಕ್ಸ್ ತೆರೆದು ವಾಸನೆ, ಬಾಗು, ಹುಳದ ಗುರುತು ಏನಾದ್ರೂ ಇದೆಯಾ ಅಂತ ಪರೀಕ್ಷೆ ಮಾಡಿ. ಇನ್ನೊಂದು ಹಾಳೆ ಪ್ರಿಂಟ್ ತೆಗೆದು ಎ ಬಾಕ್ಸ್‌ನಲ್ಲಿ ಮೇಲ್ಗಡೆನೇ ಇಡಿ, ಯಾವ ಬಾಕ್ಸ್‌ನಲ್ಲಿ ಏನಿದೆ, ಯಾವುದನ್ನ ಪೂರ್ತಿ ಸೆಟ್ಟಾಗೇ ಇಡ್ಬೇಕು, ಯಾವುದನ್ನ ಬಿಡಿಬಿಡಿಯಾಗಿ ಮಾರಿದ್ರೂ ಆಗತ್ತೆ, ಪಟ್ಟಿಯ ಫೈಲ್ ಎಲ್ಲಿದೆ, ಇಷ್ಟು ಅದರಲ್ಲಿರ್ಲಿ. ಕಾರ್ಡ್ ಬಗ್ಗೆ ಏನೂ ಗೊತ್ತಿಲ್ಲದ ಮನೆಯವರು ಓದಿದ್ರೂ ಅರ್ಥ ಆಗೋ ಹಾಗೆ ಬರೀರಿ, ಬರೆದ ತಾರೀಖೂ ಹಾಕಿ.